ಕತ್ತಿನ ರಕ್ತನಾಳದಲ್ಲಿ ಬ್ಲಾಕ್: ಆಪರೇಶನ್ ಯಾರಿಗೆ, ಮಾತ್ರೆ ಯಾರಿಗೆ?

ಒಂದು ಕಣ್ಣಿನ ಮುಂದೆ ಪರದೆ ಇಳಿದ ಹಾಗೆ ಕತ್ತಲು. ಐದು ನಿಮಿಷ ಕಳೆದರೆ ಎಲ್ಲ ಮೊದಲಿನಂತೆ. ಆಯಾಸ ಇರಬೇಕು ಅಂತ ಸುಮ್ನೆ ಬಿಟ್ಟುಬಿಡುತ್ತೇವೆ, ಅಲ್ವಾ? ಕೆನಡಾದ ನರರೋಗ ವೈದ್ಯ ಮಿಲ್ಲರ್ ಫಿಶರ್ ಹಾಗೆ ಬಿಡಲಿಲ್ಲ. ಬಲಗಣ್ಣು ಹೀಗೆ ಕತ್ತಲಾಗಿದ್ದವರಿಗೆ ಆಮೇಲೆ ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದನ್ನು ಅವರು ಗಮನಿಸಿದರು. ಎಡಗೈ, ಎಡಗಾಲನ್ನು ನಡೆಸುವುದು ಮಿದುಳಿನ ಬಲಭಾಗ. ಬಲಗಣ್ಣಿಗೂ ಮಿದುಳಿನ ಬಲಭಾಗಕ್ಕೂ ರಕ್ತ ಹೋಗುವುದು ಕತ್ತಿನ ಒಂದೇ ನಾಳದಿಂದ. ಅದೇ ಕ್ಯಾರೊಟಿಡ್. ದವಡೆಯ ಕೆಳಗೆ ಅದು ಕವಲೊಡೆಯುವ ಜಾಗದಲ್ಲೇ ಕೊಬ್ಬು ಜಾಸ್ತಿ ಕಟ್ಟುತ್ತದೆ. ಅಲ್ಲಿಂದ ಒಂದು ಚೂರು ಕಿತ್ತು ಮೇಲೆ ಹೋದರೂ ಸಾಕು, ಸ್ಟ್ರೋಕ್. ಫಿಶರ್ ಇದನ್ನು ಬರೆದಿದ್ದು 1951ರಲ್ಲಿ.

1953ರಲ್ಲಿ ಹ್ಯೂಸ್ಟನ್‌ನಲ್ಲಿ ಮೈಕೆಲ್ ಡಿಬೇಕಿ ನಾಳವನ್ನು ಸೀಳಿ ಒಳಗಿನ ಕೊಬ್ಬನ್ನು ತೆಗೆದರು. ಮರುವರ್ಷ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಒಬ್ಬ ಮಹಿಳೆಗೆ ನಾಳದ ಕಿರಿದಾದ ತುಂಡನ್ನೇ ಕತ್ತರಿಸಿ ತೆಗೆದು, ತುದಿಗಳನ್ನು ಜೋಡಿಸಿದರು. ಆಕೆಗೆ ಅದಕ್ಕೂ ಮುಂಚೆ 33 ಸಲ ಇಂಥ ಸಣ್ಣ ಆಘಾತ ಬಂದುಹೋಗಿತ್ತು!

ಆಮೇಲೆ ಆಪರೇಶನ್ ಎಷ್ಟು ಹಬ್ಬಿತೆಂದರೆ, 1985ರಲ್ಲಿ ಅಮೆರಿಕದಲ್ಲೇ ಒಂದು ಲಕ್ಷ ದಾಟಿತು. ಆದರೆ ಸ್ಟ್ರೋಕ್ ತಪ್ಪಿಸಲು ಮಾಡುವ ಈ ಆಪರೇಶನ್ನೇ ಕೆಲವರಿಗೆ ಸ್ಟ್ರೋಕ್ ತರುತ್ತದೆ. ಲಾಭ ಜಾಸ್ತಿಯೋ ನಷ್ಟವೋ ಅಂತ ಸರಿಯಾಗಿ ತೂಗಿ ನೋಡಿದ್ದು ತೀರಾ ತಡವಾಗಿ. 1991ರ ನ್ಯಾಸೆಟ್ ಅಧ್ಯಯನದಲ್ಲಿ ಇದ್ದವರು ಲಕ್ಷಣವೂ ಕಂಡು, ನಾಳವೂ 70%ಗಿಂತ ಹೆಚ್ಚು ಕಟ್ಟಿದ್ದವರು. ಎರಡು ವರ್ಷದಲ್ಲಿ ಅದೇ ಬದಿಯ ಸ್ಟ್ರೋಕ್ ಬರೀ ಔಷಧ ಪಡೆದವರಲ್ಲಿ 26%, ಆಪರೇಶನ್ ಆದವರಲ್ಲಿ 9%. ಇಷ್ಟು ದೊಡ್ಡ ಅಂತರದ ಎದುರು ವಾದ ಉಳಿಯಲಿಲ್ಲ.

ಗೊಂದಲ ಇರುವುದು ಯಾವ ತೊಂದರೆಯೂ ಇಲ್ಲದೆ, ಸ್ಕ್ಯಾನ್‌ನಲ್ಲಿ ಮಾತ್ರ ಬ್ಲಾಕ್ ಕಂಡವರದ್ದು. 1995ರಲ್ಲಿ ಇವರಿಗೂ ಆಪರೇಶನ್ ಲಾಭವೆಂದೇ ಕಂಡಿತ್ತು: ಐದು ವರ್ಷದ ಅಪಾಯ 11% ಇದ್ದದ್ದು 5%ಗೆ ಇಳಿಯಿತು. ಆದರೆ ಆಗಿನ ಔಷಧವೇ ಬೇರೆ. ಇವತ್ತು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಇದೆ, ಬಿಪಿ ಹಿಡಿತಕ್ಕೆ ಬರುತ್ತದೆ. 2025ರ ಕ್ರೆಸ್ಟ್-2 ಅಧ್ಯಯನದಲ್ಲಿ, ಒಳ್ಳೆಯ ಔಷಧದ ಜೊತೆ ಕತ್ತು ಸೀಳಿ ಆಪರೇಶನ್ ಮಾಡಿದ್ದರಿಂದ ಸ್ಪಷ್ಟ ಲಾಭ ಕಾಣಲಿಲ್ಲ. ನಾಳ ತೆರೆದಿಡುವ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಹಾಕಿದ್ದರಿಂದ ಸ್ವಲ್ಪ ಕಂಡಿತು. ಹಾಗಾಗಿ ಸ್ಕ್ಯಾನ್ ರಿಪೋರ್ಟ್‌ನ ಶೇಕಡಾವಾರು ನೋಡಿಯೇ ಹೆದರಿ ಆಪರೇಶನ್‌ಗೆ ಓಡಬೇಡಿ ಅನ್ನುವುದು ನನ್ನ ಅನಿಸಿಕೆ.

ಕಣ್ಣಿಗೆ ಆ ಪರದೆ ಇಳಿದಿದ್ದರೆ, ಮಾತು ತೊದಲಿದ್ದರೆ, ಕೈ ಸೋತಿದ್ದರೆ ಮಾತ್ರ ಲೆಕ್ಕವೇ ಬೇರೆ. ತಾನಾಗಿ ಸರಿಹೋದರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಎರಡನೇ ಹೊಡೆತದ ಅಪಾಯ ಮೊದಲ ಕೆಲವು ದಿನಗಳಲ್ಲೇ ಜಾಸ್ತಿ. ಆಪರೇಶನ್ ಬೇಕಾದವರಿಗೆ ಎರಡು ವಾರದೊಳಗೆ ಮಾಡಿ ಎನ್ನುವುದು ಅದಕ್ಕೇ.