ಗ್ರೀಕ್ ಶಿಲ್ಪಗಳಿಗೆ ಬಣ್ಣ ಇತ್ತು ಅಂತ ಹೇಗೆ ಗೊತ್ತಾಯಿತು?

ಪ್ರಶ್ನೆ: ಮ್ಯೂಸಿಯಂಗಳಲ್ಲಿರುವ ಗ್ರೀಕ್ ಶಿಲ್ಪಗಳೆಲ್ಲ ಬೆಳ್ಳಗಿವೆ. ಆದರೆ ಮೊದಲು ಅವಕ್ಕೆ ಬಣ್ಣ ಬಳಿದಿದ್ದರು ಅಂತಾರೆ. ಇದು ಊಹೆಯೋ, ಸಾಕ್ಷಿ ಇದೆಯೋ?

ಸಾಕ್ಷಿ ಇದೆ, ಬೇಕಾದಷ್ಟಿದೆ. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಗುಡಿಗಳನ್ನು ಸುಟ್ಟು ಮೂರ್ತಿಗಳನ್ನು ಒಡೆದರು. ಅಥೆನ್ಸಿನವರು ಆ ಮೂರ್ತಿಗಳನ್ನು ಅಲ್ಲೇ ಹೂತರು. 1880ರ ದಶಕದಲ್ಲಿ ಅಗೆದು ತೆಗೆದಾಗ ತುಟಿಯ ಕೆಂಪು, ಉಡುಪಿನ ಅಂಚಿನ ನೀಲಿ, ಹಸಿರು ಇನ್ನೂ ಉಳಿದಿದ್ದವು. ಮಣ್ಣಿನಡಿ ಇದ್ದದ್ದರಿಂದಲೇ ಅಷ್ಟಾದರೂ ಉಳಿಯಿತು. ಹೊರಗಿದ್ದ ಶಿಲ್ಪಗಳ ಬಣ್ಣ ಮಳೆ, ಬಿಸಿಲಿಗೆ ಹೋಯಿತು. ಉಳಿದದ್ದನ್ನು ಮನುಷ್ಯರೇ ತೊಳೆದರು. 1937-38ರಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಅಕ್ರೊಪೊಲಿಸ್‌ನ ಪಾರ್ಥೆನಾನ್ ಗುಡಿಯ ಶಿಲ್ಪಗಳು ಬೆಳ್ಳಗೆ ಕಾಣಲಿ ಅಂತ ತಾಮ್ರದ ಸಲಕರಣೆಗಳಿಂದ ಕೆರೆದರು. ಓದಿದಾಗಲೆಲ್ಲ ಸಂಕಟವಾಗುತ್ತದೆ.

ಬಣ್ಣ ಪೂರ್ತಿ ಹೋದ ಕಡೆಯೂ ಅದರ ಗುರುತು ಸಿಗುತ್ತದೆ. ಒಂದೊಂದು ಬಣ್ಣ ಒಂದೊಂದು ಕಾಲದಲ್ಲಿ ಉದುರುತ್ತದೆ. ಬೇಗ ಉದುರಿದ ಕಡೆ ಕಲ್ಲು ಹೆಚ್ಚು ಸವೆಯುತ್ತದೆ. ಓರೆಯಾಗಿ ಬೆಳಕು ಬಿಟ್ಟರೆ ಆ ಏರುತಗ್ಗಿನಲ್ಲಿ ಹಳೆಯ ಚಿತ್ತಾರ ಕಾಣುತ್ತದೆ. ಈಜಿಪ್ಟಿಯನ್ ನೀಲಿಯಂತೂ ಇನ್ನೂ ಸೋಜಿಗ. ಮರಳು, ಸುಣ್ಣ, ತಾಮ್ರ ಸೇರಿಸಿ ಕಾಯಿಸಿ ಮಾಡುತ್ತಿದ್ದ ಬಣ್ಣ ಇದು. ಮಾಮೂಲಿ ಬೆಳಕು ಬಿದ್ದರೆ ಸಾಕು, ಇದು ಇನ್‌ಫ್ರಾರೆಡ್ ಕಿರಣ ಹೊಮ್ಮಿಸುತ್ತದೆ. ನಮ್ಮ ಕಣ್ಣಿಗೆ ಕಾಣದ ಕಣಗಳೂ ಆ ಕಿರಣ ಹಿಡಿಯುವ ಕ್ಯಾಮೆರಾದಲ್ಲಿ ಹೊಳೆಯುತ್ತವೆ. ಪಾರ್ಥೆನಾನಿನ ಐರಿಸ್ ದೇವತೆಯ ನಡುಪಟ್ಟಿಯಲ್ಲಿ ಈ ನೀಲಿ ಸಿಕ್ಕಿದ್ದು ಹೀಗೆಯೇ. ಅಷ್ಟು ಕೆರೆದ ಮೇಲೂ!

ಆ ಕಾಲದವರೇ ಬಿಟ್ಟುಹೋದ ಚಿತ್ರವೂ ಒಂದಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ, ದಕ್ಷಿಣ ಇಟಲಿಯ ಗ್ರೀಕರು ಕ್ರಿ.ಪೂ. 4ನೇ ಶತಮಾನದಲ್ಲಿ ಮಾಡಿದ ಮಣ್ಣಿನ ಪಾತ್ರೆಯ ಮೇಲೆ ಕಲಾವಿದನೊಬ್ಬ ಗ್ರೀಕ್ ಪುರಾಣದ ವೀರ ಹೆರಾಕ್ಲಿಸ್‌ನ ಮೂರ್ತಿಗೆ ಬಣ್ಣ ಹಚ್ಚುತ್ತಿದ್ದಾನೆ. ಪಕ್ಕದಲ್ಲಿ ಸಹಾಯಕ ಕೆಂಡದಲ್ಲಿ ಸಲಾಕೆ ಕಾಯಿಸುತ್ತಿದ್ದಾನೆ. ಮೇಣದಲ್ಲಿ ಕಲಸಿದ ಬಣ್ಣವನ್ನು ಬಿಸಿಯಲ್ಲೇ ಕೂರಿಸಬೇಕಲ್ವಾ, ಅದಕ್ಕೆ.

ರೋಮನ್ನರಿಗಿಂತ ಮೊದಲು ಇಟಲಿಯಲ್ಲಿ ಮೆರೆದ ಎಟ್ರುಸ್ಕನ್ನರ ಕಡೆ ತಿರುಗಿದರೆ ಇಷ್ಟೆಲ್ಲ ಹುಡುಕಾಟವೇ ಬೇಡ. ಅವರು ಅಮೃತಶಿಲೆಗಿಂತ ಸುಟ್ಟ ಮಣ್ಣನ್ನು ಜಾಸ್ತಿ ನೆಚ್ಚಿಕೊಂಡಿದ್ದರು. ವೇಯಿ ಊರಿನ ಗುಡಿಯ ಮಾಡಿನ ಮೇಲಿದ್ದ ಅಪೊಲೊ ಮೂರ್ತಿಯ ಕೆಂಗಂದು ಮೈಬಣ್ಣ ಈಗಲೂ ಎದ್ದು ಕಾಣುತ್ತದೆ. ಗಂಡಸರಿಗೆ ಕೆಂಗಂದು, ಹೆಂಗಸರಿಗೆ ಬಿಳುಪು, ಇದು ಅವರ ರೂಢಿ. ಅವರದೇ ಇನ್ನೊಂದು ಊರು ತಾರ್ಕ್ವಿನಿಯಾದಲ್ಲಿ ಸುಮಾರು 6000 ಸಮಾಧಿಗಳಿದ್ದು, 200ರಷ್ಟರ ಗೋಡೆಗಳಲ್ಲಿ ಚಿತ್ರಗಳಿವೆ. ಊಟ, ಕುಣಿತ, ಕೊಳಲು, ಹಕ್ಕಿಗಳು. ಸತ್ತವರ ಕೋಣೆಯಲ್ಲಿ ಇಷ್ಟೊಂದು ಸಂಭ್ರಮ ನೋಡಿದರೆ ಆ ಜನರ ಮೇಲೆ ಪ್ರೀತಿ ಬಂದುಬಿಡುತ್ತದೆ.

ಇನ್ನು ಈಗಿನವರು ಮಾಡಿದ ಬಣ್ಣದ ಮಾದರಿಗಳ ವಿಷಯ. 2003ರಲ್ಲಿ ಮ್ಯೂನಿಕ್‌ನಲ್ಲಿ ಪುರಾತತ್ವಜ್ಞ ವಿನ್ಸೆನ್ಜ್ ಬ್ರಿಂಕ್‌ಮನ್ ತಂಡ ತೋರಿಸಿದಂಥವು ಕೆಲವರಿಗೆ ಗಾಢ, ಚಪ್ಪಟೆ ಅನ್ನಿಸುತ್ತವೆ. ನನಗೂ ಹಾಗೆಯೇ ಅನ್ನಿಸುತ್ತದೆ. ಕಲ್ಲಿನ ಮೇಲೆ ಉಳಿಯುವುದು ಹೆಚ್ಚಾಗಿ ಅಡಿಯ ಪದರ. ಅದರ ಮೇಲೆ ಎಳೆದಿರಬಹುದಾದ ನೆರಳು, ಛಾಯೆಗಳು ಮೊದಲು ಹೋಗುತ್ತವೆ. ಮಾದರಿಯಲ್ಲಿ ಬಣ್ಣ ಯಾವುದು ಅನ್ನುವುದನ್ನು ನಂಬಿ. ನಯ ಎಷ್ಟಿತ್ತು ಅಂತ ನೋಡಲು ಇಸ್ತಾಂಬುಲ್‌ನಲ್ಲಿರುವ ‘ಅಲೆಕ್ಸಾಂಡರ್ ಶವಪೆಟ್ಟಿಗೆ’ ಅನ್ನುವ, ಬಣ್ಣ ಇನ್ನೂ ಉಳಿದಿರುವ ಕಲ್ಲಿನ ಪೆಟ್ಟಿಗೆಯ (ಅದು ಅಲೆಕ್ಸಾಂಡರನದ್ದಲ್ಲ, ಅದರ ಮೇಲೆ ಅವನ ಚಿತ್ರವಿದೆ ಅಷ್ಟೇ) ಉಬ್ಬುಶಿಲ್ಪಗಳ ಚಿತ್ರಗಳನ್ನು ಹುಡುಕಿ.