ಹೊರಗೆ ಬಂದದ್ದೆಲ್ಲ ಪೈಲ್ಸ್ ಅಲ್ಲ

ಪ್ರಶ್ನೆ: ಅಮ್ಮನಿಗೆ 68 ವರ್ಷ. ಕಕ್ಕಸಿಗೆ ಕೂತಾಗ ಪೈಲ್ಸ್ ಹೊರಗೆ ಬರುತ್ತದೆ, ಕೈಯಿಂದ ಒಳಗೆ ತಳ್ಳಬೇಕು. ಈಗೀಗ ಗೊತ್ತಾಗದೆ ಸೀರೆಯಲ್ಲೇ ಆಗಿಬಿಡುತ್ತದೆ. ಪೈಲ್ಸ್ ಆಪರೇಷನ್ ಮಾಡಿಸಿದರೆ ಇದೂ ನಿಲ್ಲುತ್ತದೆಯೇ?

ಉತ್ತರ: ಅದು ಪೈಲ್ಸ್ ಅಂತ ಹೇಳಿದವರು ಯಾರು? ಎಷ್ಟೋ ಜನರನ್ನು ಹೀಗೆ ಕೇಳಿದ್ದೇನೆ. ಪಕ್ಕದ ಮನೆಯವರು, ಮೆಡಿಕಲ್ ಶಾಪಿನವರು, ಇಲ್ಲವೇ 'ಗ್ಯಾರಂಟಿ ಚಿಕಿತ್ಸೆ'ಯ ಗೋಡೆ ಬರಹ. ಆ ಜಾಗದಲ್ಲಿ ಏನೇ ಆದರೂ ನಮ್ಮವರಿಗೆ ಅದು ಮೂಲವ್ಯಾಧಿಯೇ.

ಪೈಲ್ಸ್ ಎಂದರೆ ಗುದದ್ವಾರದ ಒಳಗಿನ ರಕ್ತನಾಳಗಳ ಮೆತ್ತೆ ಉಬ್ಬಿ ಕೆಳಗಿಳಿಯುವುದು. ಆದರೆ ವಯಸ್ಸಾದ ಹೆಂಗಸರಲ್ಲಿ ಏನೋ ಹೊರಗೆ ಬರುತ್ತಿದೆ, ಜೊತೆಗೆ ಮಲವೂ ಸೋರುತ್ತಿದೆ ಎಂದರೆ ನನ್ನ ಮೊದಲ ಅನುಮಾನ ಗುದನಾಳವೇ ಜಾರಿದೆಯೇ ಎಂದು. ಅಂಗಿಯ ತೋಳು ಒಳಮೈ ಹೊರಗಾಗಿ ಬಂದಂತೆ, ಕರುಳಿನ ಕೊನೆಯ ಭಾಗ ಪೂರ್ತಿ ದಪ್ಪದಲ್ಲಿ ಹೊರಬರುತ್ತದೆ. ನೋಡಿದರೇ ವ್ಯತ್ಯಾಸ ತಿಳಿಯುತ್ತದೆ. ಪೈಲ್ಸಿನಲ್ಲಿ ಬೇರೆ ಬೇರೆ ಗಂಟುಗಳು, ಅವುಗಳ ನಡುವಿನ ಗೆರೆಗಳು ಮಧ್ಯದಿಂದ ಅಂಚಿನ ಕಡೆಗೆ ಹೋಗುತ್ತವೆ. ಜಾರಿದ ಗುದನಾಳದಲ್ಲಿ ಸುತ್ತಲೂ ಉಂಗುರದಂಥ ಮಡಿಕೆಗಳು. ಹೀಗೆ ಪದೇ ಪದೇ ಹೊರಬರುವ ಕರುಳು ಬಿಗಿಹಿಡಿಯುವ ಸ್ನಾಯುವನ್ನು ಹಿಗ್ಗಿಸಿ ಸಡಿಲ ಮಾಡುತ್ತದೆ. ಸೀರೆಯಲ್ಲೇ ಆಗುವುದಕ್ಕೆ ಇದು ದೊಡ್ಡ ಕಾರಣ. ಪೈಲ್ಸ್ ಎಂದು ಅಲ್ಲಿ ಒಂದಿಷ್ಟು ಕತ್ತರಿಸಿದರೆ ಜಾರಿದ್ದು ಜಾರಿಯೇ ಇರುತ್ತದೆ, ಮೊದಲೇ ಸಡಿಲವಾದ ಸ್ನಾಯುವಿಗೆ ಇನ್ನೊಂದು ಪೆಟ್ಟು ಬೀಳಬಹುದು.

ಡಾಕ್ಟರ ಕಣ್ಣಿಗೂ ಇದು ತಪ್ಪಿಹೋಗುವುದುಂಟು. ಮಂಚದ ಮೇಲೆ ಮಲಗಿಸಿದಾಗ ಅದು ತಾನಾಗಿ ಒಳಗೆ ಹೋಗಿರುತ್ತದೆ. ಕಕ್ಕಸಿಗೆ ಕೂರಿಸಿ, ಮುಕ್ಕಿದ ಮೇಲೆ ನೋಡಬೇಕು. ಅಮ್ಮ ಒಪ್ಪಿದರೆ, ಹೊರಗೆ ಬಂದಾಗ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡು ಹೋಗಿ. ನಾಚಿಕೆ ಬೇಡ, ನಾವು ದಿನಾ ನೋಡುವುದೇ ಅದನ್ನು.

ಆಪರೇಷನ್ನಿಗೆ ಎರಡು ದಾರಿ. ಮೈ ಗಟ್ಟಿ ಇದ್ದವರಿಗೆ ಹೊಟ್ಟೆಯ ಮೂಲಕ, ಸಾಮಾನ್ಯವಾಗಿ ಲ್ಯಾಪರೋಸ್ಕೋಪಿಯಲ್ಲಿ, ಗುದನಾಳವನ್ನು ಮೇಲೆತ್ತಿ ಬೆನ್ನುಮೂಳೆಯ ಕೆಳತುದಿಗೆ ಹೊಲಿದು ಅಥವಾ ಜಾಲರಿ ಹಾಕಿ ನಿಲ್ಲಿಸುತ್ತೇವೆ. ಹೃದಯ, ಶ್ವಾಸಕೋಶ ಸೋತವರಿಗೆ ಕೆಳಗಿನಿಂದಲೇ, ಅಂದರೆ ಗುದದ್ವಾರದ ಮೂಲಕ, ಬೆನ್ನಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡುತ್ತೇವೆ. ಫ್ರಾನ್ಸಿನ ಸೇನಾ ಸರ್ಜನ್ ಡೆಲೋರ್ಮ್ 1900ರಲ್ಲಿ ವಿವರಿಸಿದ ವಿಧಾನ ಇವತ್ತಿಗೂ ನಡೆಯುತ್ತಿದೆ. ಮತ್ತೆ ಜಾರುವ ಸಂಭವ ಮಾತ್ರ ಕೆಳಗಿನ ದಾರಿಯಲ್ಲಿ ಹೆಚ್ಚು. ಸೋರುವುದು ಎರಡರಲ್ಲೂ ಮಾರನೇ ದಿನವೇ ನಿಲ್ಲುವುದಿಲ್ಲ. ಸ್ನಾಯು ಚೇತರಿಸಿಕೊಳ್ಳಲು ತಿಂಗಳುಗಳು ಬೇಕು, ಕೆಲವರಿಗೆ ಪೂರ್ತಿ ವಾಸಿಯಾಗುವುದೂ ಇಲ್ಲ. ಮಲ ಹೋಗಲು ಹೊಟ್ಟೆಗೆ ಚೀಲ ಹಾಕುತ್ತಾರೇನೋ ಎಂಬ ಭಯ ಬೇಡ, ಇದಕ್ಕೆ ಸಾಧಾರಣವಾಗಿ ಅದು ಬೇಕಾಗುವುದಿಲ್ಲ.

ನೀವು ಕೇಳದ ಒಂದು ವಿಷಯ: ಅಮ್ಮನಿಗೆ ಶುಗರ್ ಇದೆಯೇ? ಇದ್ದರೆ ಮಾತ್ರೆಯ ಹಾಳೆ ತಿರುಗಿಸಿ ನೋಡಿ. ಮೆಟ್‌ಫಾರ್ಮಿನ್ ಎಷ್ಟೋ ಜನರಿಗೆ ಭೇದಿ ತರಿಸುತ್ತದೆ, ಸಡಿಲ ಸ್ನಾಯು ತೆಳುವಾದ ಮಲವನ್ನು ತಡೆದುಕೊಳ್ಳಲಾರದು. ನೀವೇ ನಿಲ್ಲಿಸಬೇಡಿ. ನಿಧಾನವಾಗಿ ಕರಗುವ ಬಗೆಯದೂ ಸಿಗುತ್ತದೆ, ಬದಲಾಯಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಇಸಬ್‌ಗೋಲನ್ನೂ ಕೇಳಿ ನೋಡಿ. ಮಲಬದ್ಧತೆಗೆ ಕೊಡುವ ಅದೇ ಪುಡಿ ನೀರು ಹೀರಿಕೊಂಡು ತೆಳು ಮಲವನ್ನು ಗಟ್ಟಿ ಮಾಡುತ್ತದೆ ಎಂದರೆ ನಂಬದವರೇ ಹೆಚ್ಚು.