ಹುಡುಗ ಆರಾಮವಾಗಿದ್ದಾನೆಂದು ಇಮ್ಯುನೊಗ್ಲಾಬ್ಯುಲಿನ್ ನಿಲ್ಲಿಸಬೇಡಿ

ಸಿರುಗುಪ್ಪ, ಸಿಂಧನೂರು, ಕಾರಟಗಿ ಕಡೆಯಿಂದ ಬಳ್ಳಾರಿಗೆ ನನ್ನಲ್ಲಿ ಚಿಕಿತ್ಸೆಗೆ ಬರುವ ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳ ಕೊರತೆಯಿದ್ದು, ಮೂರು ನಾಲ್ಕು ವಾರಗಳಿಗೊಮ್ಮೆ ರಕ್ತನಾಳದ ಮೂಲಕ ಇಮ್ಯುನೊಗ್ಲಾಬ್ಯುಲಿನ್ ಕೊಡಬೇಕಾಗುತ್ತದೆ. ಭತ್ತದ ನಾಟಿ ಶುರುವಾಯಿತೆಂದರೆ ಇವರಲ್ಲಿ ಯಾರಾದರೊಬ್ಬರು ಬರುವುದು ತಪ್ಪುತ್ತದೆ. ಫೋನ್ ಮಾಡಿ ಕೇಳಿದರೆ, “ಹುಡುಗ ಆರಾಮ ಅದಾನ್ರೀ ಡಾಕ್ಟ್ರೇ, ಜ್ವರ ಬಂದ್ರ ಕರ್ಕೊಂಡು ಬರ್ತೀವಿ” ಎನ್ನುತ್ತಾರೆ.

ಇದು ಜ್ವರದ ಔಷಧವಲ್ಲ. ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ಬೇರ್ಪಡಿಸಿದ ಪ್ರತಿಕಾಯಗಳೇ ಆ ಬಾಟಲಿಯಲ್ಲಿರುತ್ತವೆ. ಮೈಗೆ ಸೇರಿದ ಐಜಿಜಿ (ಈ ಪ್ರತಿಕಾಯಗಳ ಮುಖ್ಯ ಬಗೆ) ಸುಮಾರು 3 ವಾರಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ, ಮುಂದಿನ ಮೂರು ವಾರಗಳಲ್ಲಿ ಉಳಿದದ್ದರ ಅರ್ಧ. ಹೋದ ತಿಂಗಳು ಕೊಟ್ಟದ್ದು ಇನ್ನೂ ಕಾಯುತ್ತಿರುವುದರಿಂದಲೇ ಹುಡುಗ ಇಂದು ಆರಾಮವಾಗಿದ್ದಾನೆ. ಅವನ ಮೈ ತಾನಾಗಿ ಪ್ರತಿಕಾಯ ತಯಾರಿಸುತ್ತಿಲ್ಲ. ಪೈರು ಹಸಿರಾಗಿದೆಯೆಂದು ಯಾವ ರೈತನೂ ತುಂಗಭದ್ರಾ ಕಾಲುವೆಯ ನೀರಿನ ಪಾಳಿ ಬಿಡುವುದಿಲ್ಲ ಎಂದು ತಂದೆಯರಿಗೆ ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುತ್ತೇನೆ.

1952ರಲ್ಲಿ ಅಮೆರಿಕದ ವೈದ್ಯ ಆಗ್ಡೆನ್ ಬ್ರೂಟನ್ ವಿವರಿಸಿದ, ಗಂಡುಮಕ್ಕಳಲ್ಲಿ ಕಾಣುವ ಅಗಾಮಗ್ಲಾಬ್ಯುಲಿನೀಮಿಯಾ ಎಂಬ ಪ್ರತಿಕಾಯ ಕೊರತೆಯಲ್ಲಿ, ತಾಯಿಯಿಂದ ಬಂದ ಪ್ರತಿಕಾಯಗಳು ಕರಗುವ ಆರೇಳು ತಿಂಗಳವರೆಗೆ ಮಗು ಚೆನ್ನಾಗಿಯೇ ಇದ್ದು, ಆಮೇಲೆ ಕಿವಿ ಸೋರುವುದು, ನ್ಯುಮೋನಿಯಾ ಮರಳಿ ಮರಳಿ ಬರತೊಡಗುತ್ತವೆ. ನ್ಯುಮೊಕಾಕಸ್‌ನಂಥ ಕವಚವುಳ್ಳ ಬ್ಯಾಕ್ಟೀರಿಯಾ ರಕ್ತದಿಂದ ಮಿದುಳಿನ ಪೊರೆಗೆ ತಲುಪಿದರೆ ಮೆನಿಂಜೈಟಿಸ್ ಆಗುತ್ತದೆ. “ಎಲ್ಲಾ ಸೂಜಿ ಹಾಕಿಸೀವಲ್ರೀ” ಎಂಬ ಮಾತು ಇಲ್ಲಿ ನೆರವಿಗೆ ಬರುವುದಿಲ್ಲ, ಏಕೆಂದರೆ ಲಸಿಕೆಗೆ ಉತ್ತರವಾಗಿ ಪ್ರತಿಕಾಯ ತಯಾರಿಸಬೇಕಾದ ಬಿ-ಕೋಶಗಳೆಂಬ ಬಿಳಿ ರಕ್ತಕಣಗಳೇ ಈ ಮಕ್ಕಳಲ್ಲಿ ಇಲ್ಲದಂತಿರುತ್ತವೆ. ಬಾಯಿಗೆ ಹಾಕುವ ಪೋಲಿಯೊ ಹನಿಯಲ್ಲಿ ಜೀವಂತ ವೈರಸ್ ಇರುವುದರಿಂದ ಅದನ್ನು ಇವರಿಗೆ ಹಾಕಲೇಬಾರದು. ಪಲ್ಸ್ ಪೋಲಿಯೊಗೆ ಮನೆಗೆ ಬಂದವರಿಗೂ ಇದನ್ನು ತಿಳಿಸಿ.

ಮೆನಿಂಜೈಟಿಸ್ ಬಂದ ಮಕ್ಕಳಲ್ಲಿ ಹೆಚ್ಚಿನವರಿಗೆ ಈ ಕೊರತೆ ಇರುವುದಿಲ್ಲ, ಆದ್ದರಿಂದ ಎಲ್ಲರೂ ಗಾಬರಿಯಾಗಬೇಕಿಲ್ಲ. ಎರಡನೇ ಸಲ ಬಂದರೆ, ಅಥವಾ ತಾಯಿಯ ಅಣ್ಣತಮ್ಮಂದಿರು ಚಿಕ್ಕಂದಿನಲ್ಲೇ ಸೋಂಕಿನಿಂದ ತೀರಿಕೊಂಡಿದ್ದರೆ, ರಕ್ತದಲ್ಲಿ ಇಮ್ಯುನೊಗ್ಲಾಬ್ಯುಲಿನ್ ಪ್ರಮಾಣ ನೋಡಿಸಬೇಕು. ಮೆನಿಂಜೈಟಿಸ್ ಮರಳಿ ಬರಲು ತಲೆಬುರುಡೆಯ ಬಿರುಕಿನಂಥ ಬೇರೆ ಕಾರಣಗಳೂ ಇರಬಹುದು. ತವರಿನ ಮಾತು ಬಂದೊಡನೆ ತಾಯಿಯನ್ನು ದೂರುವ ಮನೆಮಂದಿಯನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ವಂಶವಾಹಿಯನ್ನು ಯಾರೂ ಆರಿಸಿಕೊಂಡು ಹುಟ್ಟಿರುವುದಿಲ್ಲ.

ಗಂಗಾವತಿ ಕಡೆಯ ಹುಡುಗನೊಬ್ಬ ಎರಡು ಡೋಸ್ ತಪ್ಪಿದ ಮೇಲೆ ಫಿಟ್ಸ್ ಬಂದು ದಾಖಲಾದ. ಮೆನಿಂಜೈಟಿಸ್ ಇದೆಯೇ ಎಂದು ನೋಡಲು ಬೆನ್ನಿನ ನೀರು ತೆಗೆದರೆ ಕಾಲು ಬೀಳುತ್ತವೆಂದು ಅಜ್ಜಿ ತಡೆದರು. ಆ ಸೂಜಿ ಹೋಗುವುದು ಮಿದುಳುಬಳ್ಳಿ ಮುಗಿದ ಜಾಗಕ್ಕಿಂತ ಕೆಳಗೆ ಎಂದು ಬಹಳ ಹೊತ್ತು ವಿವರಿಸಬೇಕಾಯಿತು. ಹುಡುಗ ಉಳಿದ, ಆದರೆ ಅವನಿಗೆ ಒಂದು ಕಿವಿ ಕೇಳಿಸುವುದಿಲ್ಲ.

ನಾಟಿ, ಜಾತ್ರೆ, ಮದುವೆ ಯಾವುದೇ ಇರಲಿ, ಮೊದಲೇ ತಿಳಿಸಿದರೆ ಸಾಮಾನ್ಯವಾಗಿ ಡೋಸನ್ನು ಒಂದೆರಡು ದಿನ ಹಿಂದೆ ಮುಂದೆ ಮಾಡಬಹುದು. ಜ್ವರದೊಂದಿಗೆ ವಾಂತಿ, ಮಂಕು ಅಥವಾ ಕತ್ತು ಬಿಗಿತ ಕಂಡರೆ ಮಾತ್ರ ಬೆಳಗಾಗುವವರೆಗೂ ಕಾಯದೆ, ಹಳೆಯ ಫೈಲ್ ಸಮೇತ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ.